ಒತ್ತಡ ಏರಿದಾಗ ಮಾತ್ರ ಕಾಣುವ ದೋಷ

ಸೂಪರ್‌ಚಾರ್ಜರ್ ಇರುವ ಕಾರಿನ ಪೆಟ್ರೋಲ್ ತೊಂದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ. ಕಾರು ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಊರೊಳಗೆ ತಕರಾರಿಲ್ಲದೆ ಓಡುತ್ತದೆ. ಹೆದ್ದಾರಿಗೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಮಿಸ್ ಹೊಡೆದು ಮುಗ್ಗರಿಸುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ. ಸ್ಕ್ಯಾನರ್ ಹಾಕಿದರೆ ‘ಪಿ 0171’, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂಬ ಕೋಡ್ ಬರಬಹುದು. ಅದನ್ನು ನೋಡಿದೊಡನೆ ಆಕ್ಸಿಜನ್ ಸೆನ್ಸರ್ ಬದಲಿಸುವವರು ಬಹಳ ಮಂದಿ. ಆದರೆ ಆ ಸೆನ್ಸರ್ ದೂರು ಹೇಳಿದೆ ಅಷ್ಟೆ, ತಪ್ಪು ಬೇರೆಲ್ಲೋ ಇರುತ್ತದೆ.

ಉದಾಹರಣೆಗೆ ಒಂದೇ ಕಾರನ್ನು ಇಟ್ಟುಕೊಳ್ಳೋಣ. 2002ರಿಂದ 2006ರವರೆಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ತಯಾರಾದ ಮಿನಿ ಕೂಪರ್ ಎಸ್, ಅಭಿಮಾನಿಗಳ ಬಾಯಲ್ಲಿ ‘ಆರ್ 53’. ಬ್ರೆಜಿಲ್‌ನಲ್ಲಿ ತಯಾರಾದ 1.6 ಲೀಟರ್ ಎಂಜಿನ್, ಅದಕ್ಕೆ ಈಟನ್ ಎಂ 45 ಸೂಪರ್‌ಚಾರ್ಜರ್. ಬ್ರಿಟನ್, ಅಮೆರಿಕಗಳಲ್ಲಿ ನೆಲೆಸಿದ ನಮ್ಮವರಿಗೆ ಇದು ಇಂದಿಗೂ ಕೈಗೆಟಕುವ ಬೆಲೆಗೆ ಸಿಗುವ ಹಳೆಯ ಕಾರು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಈ ಸೂಪರ್‌ಚಾರ್ಜರ್ ಬೆಲ್ಟಿನ ಮೂಲಕ ಎಂಜಿನ್‌ಗೇ ಕಟ್ಟಿಕೊಂಡಿದೆ. ಪ್ರತಿ ಸುತ್ತಿಗೂ ಇಷ್ಟು ಗಾಳಿ ಎಂದು ನೂಕುವುದಷ್ಟೇ ಅದರ ಕೆಲಸ. ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಒದಗಿಸುವ ಹೊಣೆ ಕಂಪ್ಯೂಟರಿನದು. ಸಾಮಾನ್ಯ ಓಟದಲ್ಲಿ 1 ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ. ಹೀಗೆ ನೂಕಿದ ಗಾಳಿಯ ಒತ್ತಡ ಏರಿದಾಗ ಅದರ ಪಾಲನ್ನು 12 ಕಿಲೋದ ಆಸುಪಾಸಿಗೆ ಇಳಿಸುತ್ತಾರೆ, ಏಕೆಂದರೆ ಹೆಚ್ಚಿನ ಪೆಟ್ರೋಲ್ ಸಿಲಿಂಡರನ್ನು ತಂಪಾಗಿಡುತ್ತದೆ. ಆ ಹೊತ್ತಿನಲ್ಲಿ ಪೆಟ್ರೋಲ್ ಕಡಿಮೆಯಾದರೆ ಶಾಖ ಏರಿ ಮಿಶ್ರಣ ತಾನಾಗಿ ಸಿಡಿಯುವ ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್ನಿನ ರಿಂಗುಗಳ ನಡುವಿನ ಭಾಗ ಒಡೆಯಬಹುದು. ಆದ್ದರಿಂದ ಪೂರ್ತಿ ಒತ್ತಿದಾಗ ಮುಗ್ಗರಿಸುವ ಕಾರನ್ನು ‘ಇನ್ನೊಮ್ಮೆ ನೋಡೋಣ’ ಎಂದು ಮತ್ತೆ ಮತ್ತೆ ಒತ್ತಬಾರದು.

ಹುಡುಕಾಟದ ಮೊದಲ ಪರೀಕ್ಷೆಗೆ ಕಾಸು ಬೇಡ. ರಾತ್ರಿಯೆಲ್ಲ ನಿಂತ ಕಾರಿನ ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರಿನಲ್ಲಿ ಅಂಕಿಗಳನ್ನು ಓದಿ. ಒಳಬರುವ ಗಾಳಿಯ ಉಷ್ಣತೆ, ಕೂಲಂಟಿನ ಉಷ್ಣತೆ, ಹೊರಗಿನ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಒತ್ತಡದ ಸೆನ್ಸರ್ ಊರಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು: ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಿನ ಎತ್ತರದಲ್ಲಿ ಸುಮಾರು 91. ಇದರಲ್ಲೇ ತಪ್ಪಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಎಣ್ಣೆಯ ಆವಿ ಅಂಟಿ ಗಾಳಿಯ ಉಷ್ಣತೆ, ಒತ್ತಡ ಅಳೆಯುವ ಸೆನ್ಸರ್‌ಗಳು ಮಂಕಾಗುವುದು ಮಾಮೂಲು, ಎಷ್ಟೋ ಸಲ ಸ್ವಚ್ಛ ಮಾಡಿದರೆ ಸಾಕು.

ಮುಂದಿನ ಪ್ರಶ್ನೆ, ತೊಂದರೆ ಬರುವುದು ಐಡ್ಲಿಂಗ್‌ನಲ್ಲೋ ಒತ್ತಡದಲ್ಲೋ? ಮಿನಿಯಲ್ಲಿ ಥ್ರಾಟಲ್ ಇರುವುದು ಸೂಪರ್‌ಚಾರ್ಜರಿಗಿಂತ ಮುಂಚೆ. ಹೀಗಾಗಿ ಅದರಾಚೆಯ ಭಾಗಗಳೆಲ್ಲ, ನೂಕಿದ ಗಾಳಿಯನ್ನು ತಂಪಾಗಿಸಲು ಬಾನೆಟ್ಟಿನ ಕೆಳಗೆ ಕೂತ ಇಂಟರ್‌ಕೂಲರ್ ಮತ್ತದರ ಎರಡು ಬದಿಯ ರಬ್ಬರ್ ತೋಳುಗಳೂ ಸೇರಿ, ಐಡ್ಲಿಂಗ್‌ನಲ್ಲಿ ಗಾಳಿಯನ್ನು ಒಳಗೆ ಎಳೆಯುವ ಸ್ಥಿತಿಯಲ್ಲಿರುತ್ತವೆ, ಒತ್ತಡದಲ್ಲಿ ಹೊರಗೆ ತಳ್ಳುವ ಸ್ಥಿತಿಗೆ ಬರುತ್ತವೆ. ಒಂದೇ ಬಿರುಕು ಎರಡು ಬಗೆಯ ಕಾಟ ಕೊಡುತ್ತದೆ. ಒಳಬರುವ ಗಾಳಿಯನ್ನು ಬಾಯಲ್ಲೇ ಅಳೆಯುವ ಮೀಟರ್ ಇರುವ ಕಾರುಗಳಲ್ಲಿ ಇಂಥ ಬಿರುಕಿನಿಂದ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕಡಿಮೆ ಬೀಳುತ್ತದೆ, ಒತ್ತಡದಲ್ಲಿ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಮಿನಿ ಗಾಳಿಯ ಒತ್ತಡವನ್ನು ಅಳೆದು ಲೆಕ್ಕ ಹಾಕುವ ಕಾರು. ಅಲ್ಲಿ ಬಿರುಕಿದ್ದರೂ ಮಿಶ್ರಣ ಹೆಚ್ಚು ಕೆಡುವುದಿಲ್ಲ, ಐಡ್ಲಿಂಗ್ ಏರುತ್ತದೆ, ಪಿಕಪ್ ತಗ್ಗುತ್ತದೆ. ನಿಮ್ಮ ಕಾರು ಯಾವ ಬಗೆಯದು ಎಂದು ತಿಳಿಯದೆ ಕೋಡ್ ಓದಿದರೆ ಅರ್ಥವೇ ತಿರುಗಿಬೀಳುತ್ತದೆ. ಬಿರುಕು ಹುಡುಕಲು ಹೊಗೆ ಬಿಟ್ಟು ನೋಡುವ ಪರೀಕ್ಷೆಯೇ ಮೇಲು. ಪಿಕಪ್ ಮಾತ್ರ ಹೋಗಿ ಉಳಿದದ್ದೆಲ್ಲ ಸರಿಯಿದ್ದರೆ, ತೆರೆದೇ ಉಳಿದು ಒತ್ತಡ ಸೋರಿಸುವ ಬೈಪಾಸ್ ವಾಲ್ವನ್ನೂ ಜಾರುವ ಬೆಲ್ಟನ್ನೂ ನೋಡಿ.

ಒತ್ತಡದಲ್ಲಿ ಮಾತ್ರ ಪೆಟ್ರೋಲ್ ಸಾಲದೆ ಹೋದರೆ ಅಳೆಯಬೇಕಾದ್ದು ಪೆಟ್ರೋಲಿನ ಒತ್ತಡ. ಮಿನಿಯಲ್ಲಿ ಅದು ಸುಮಾರು 3.5 ಬಾರ್, ಹತೋಟಿ ಟ್ಯಾಂಕಿನೊಳಗೇ ಇದೆ, ಗಾಳಿಯ ಒತ್ತಡ ಏರಿದರೂ ಅದು ಏರುವುದಿಲ್ಲ. ಎಂಜಿನ್ ಕಡೆಯಿಂದ 0.8 ಬಾರ್ ಗಾಳಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೆ ಎದುರಾದಾಗ ನಿಜವಾಗಿ ಉಳಿಯುವುದು 2.7 ಬಾರ್. ಅಷ್ಟಕ್ಕೇ ಇಂಜೆಕ್ಟರಿನ ಹರಿವು ಸುಮಾರು 12% ಇಳಿಯುತ್ತದೆ. ತಯಾರಕರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ, ಆದರೆ ಕಟ್ಟಿದ ಫಿಲ್ಟರ್, ಸವೆದ ಪಂಪು ಸೇರಿಕೊಂಡರೆ ಲೆಕ್ಕ ತಪ್ಪುತ್ತದೆ. ನಿಂತ ಕಾರಿನಲ್ಲಿ ಗೇಜು ಸರಿ ತೋರಿಸಿದ ಮಾತ್ರಕ್ಕೆ ಪಂಪು ಗಟ್ಟಿಯಾಗಿದೆ ಎನ್ನಲಾಗದು. ಗೇಜನ್ನು ಗಾಜಿನ ಹೊರಬದಿಗೆ ಭದ್ರವಾಗಿ ಅಂಟಿಸಿ, ಇನ್ನೊಬ್ಬರನ್ನು ಓದಲು ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಓಡಿಸಬೇಕು, ಮುಳ್ಳು ಬಿದ್ದೊಡನೆ ಕಾಲು ತೆಗೆಯಬೇಕು. ಪೆಟ್ರೋಲ್ ಪೈಪನ್ನು ಕಾರಿನೊಳಗೆ ತರಲೇಬಾರದು. ಎಂಜಿನ್ ವೇಗ ಏರಿದಂತೆ ಮುಳ್ಳು ಇಳಿದರೆ ಪಂಪು ಬದಲಿಸುವ ಮುನ್ನ ಅದರ ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿ. 13.5 ಇರಬೇಕಾದಲ್ಲಿ 11.5 ಇದ್ದರೆ ತಪ್ಪು ವೈರಿನದು.

ಪೆಟ್ರೋಲಿನ ಒತ್ತಡ ಸರಿಯಿದ್ದೂ ಅದೇ ಕೋಡ್ ಬಂದರೆ ಕಿಡಿಯ ಕಡೆ ತಿರುಗಬೇಕು. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಹಣ ಪೋಲಾಗುವುದು ಇಲ್ಲೇ. ಒಂದು ಸಿಲಿಂಡರ್ ಉರಿಯದೆ ಬಿಟ್ಟರೆ ಅದರ ಆಮ್ಲಜನಕವೆಲ್ಲ ಹಾಗೇ ಹೊರಗೆ ಹೋಗುತ್ತದೆ. ಸೆನ್ಸರ್ ಅದನ್ನು ಕಂಡು ‘ಪೆಟ್ರೋಲ್ ಕಡಿಮೆ’ ಎನ್ನುತ್ತದೆ, ಕಂಪ್ಯೂಟರ್ ನಂಬುತ್ತದೆ. ಒತ್ತಿ ತುಂಬಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ, ಸವೆದು ಅಂತರ ಹಿಗ್ಗಿದ ಸ್ಪಾರ್ಕ್ ಪ್ಲಗ್ ಐಡ್ಲಿಂಗ್‌ನಲ್ಲಿ ಉರಿಸಿ ಒತ್ತಡದಲ್ಲಿ ಕೈಕೊಡುತ್ತದೆ. ಮಿನಿಯ ಕಾಯಿಲ್ ಎರಡೆರಡು ಸಿಲಿಂಡರಿಗೆ ಜೊತೆಯಾಗಿ ಕಿಡಿ ಕೊಡುವಂಥದ್ದು. 1 ಮತ್ತು 4 ಒಟ್ಟಿಗೆ ಮಿಸ್ ಹೊಡೆದರೆ ಮೊದಲು ಕಾಯಿಲ್ ಮೇಲೆ ಅನುಮಾನ ಪಡಿ, ಅದರ ತುದಿಗಳಿಗೆ ತುಕ್ಕು ಹಿಡಿದಿದೆಯೇ ನೋಡಿ.

ಹಿಂದಿನ ಮಾಲೀಕ ಮಾಡಿದ ಮಾರ್ಪಾಡುಗಳದ್ದು ಬೇರೆ ಕಥೆ. ಸೂಪರ್‌ಚಾರ್ಜರಿನ ಪುಲ್ಲಿಯನ್ನು 15% ಚಿಕ್ಕದು ಹಾಕಿದರೆ ಅದು 17% ಮೀರಿ ವೇಗವಾಗಿ ತಿರುಗುತ್ತದೆ, ಗಾಳಿ ಹೆಚ್ಚುತ್ತದೆ. 6000 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿನ ಪೂರ್ತಿ ಸುತ್ತಿಗೆ ಸಿಗುವ ಸಮಯ 20 ಮಿಲಿಸೆಕೆಂಡ್. ಇಂಜೆಕ್ಟರ್ ಅದರಲ್ಲಿ 17 ಮಿಲಿಸೆಕೆಂಡ್ ತೆರೆದೇ ಇದ್ದರೆ ಇನ್ನು ಕೊಡಲು ಅದರ ಬಳಿ ಹೆಚ್ಚೇನೂ ಇಲ್ಲ. ದೊಡ್ಡ ಇಂಜೆಕ್ಟರ್ ಹಾಕಿ ಕಂಪ್ಯೂಟರಿನ ಲೆಕ್ಕ ತಿದ್ದದಿದ್ದರೆ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ. ಇಂಧನವೂ ಬದಲಾಗಿದೆ: ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ 10%ವರೆಗೆ ಎಥನಾಲ್, ನಮ್ಮಲ್ಲಿ 20%. ಎಥನಾಲ್ ಸೇರಿದಷ್ಟೂ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು, ಮಿತಿಯಲ್ಲಿ ಓಡುವ ಪಂಪಿಗೆ ಅದೂ ಭಾರವೇ.

ಹಳೆಯ ಆರ್ 53 ಕೊಳ್ಳುವವರಿಗೆ ಒಂದು ಮಾತು. ಇದರ ನೀರಿನ ಪಂಪು ತಿರುಗುವುದು ಸೂಪರ್‌ಚಾರ್ಜರಿನ ಹಿಂಬದಿಯ ಗೇರುಗಳಿಂದ, ಆ ಗೇರುಗಳಿಗೆ ಬೇರೆಯೇ ಎಣ್ಣೆಯಿದೆ. ಅದು ಒಣಗಿ ಗೇರು ಸವೆದರೆ ಪಂಪು ನಿಂತು ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ, ಬೆಲ್ಟ್ ಮಾತ್ರ ಏನೂ ಆಗದಂತೆ ತಿರುಗುತ್ತಿರುತ್ತದೆ. ಹಣ ಕೊಡುವ ಮುನ್ನ ಆ ಎಣ್ಣೆ ಯಾವಾಗ ಬದಲಾಯಿತು, ಪುಲ್ಲಿ ಕಂಪನಿಯದ್ದೋ ಚಿಕ್ಕದೋ ಎಂದು ಕೇಳಿ. ಮೆಕ್ಯಾನಿಕ್ ಭಾಗ ಬದಲಿಸಬೇಕೆಂದರೆ, ಪೂರ್ತಿ ಒತ್ತಿದಾಗ ಪೆಟ್ರೋಲಿನ ಒತ್ತಡ ಎಷ್ಟಿತ್ತು ಎಂಬ ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.