ಡಿಗ್ರಿ ಕೈಯಲ್ಲಿ, ನೋಂದಣಿ ದೂರದಲ್ಲಿ

ನೀಟ್ ಫಲಿತಾಂಶ ಬರುವುದು ಜೂನ್‌ನಲ್ಲಿ. ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ವಹಿವಾಟು ಜೋರಾಗಿರುವುದೂ, ತೋಟದವರ ಕೈಗೆ ಒಂದಿಷ್ಟು ದುಡ್ಡು ಸೇರುವುದೂ ಅದೇ ದಿನಗಳಲ್ಲಿ. ವಿದೇಶದಲ್ಲಿ ಎಂಬಿಬಿಎಸ್ ಓದಿಸುವ ಕನ್ಸಲ್ಟೆನ್ಸಿಗಳಿಗೂ ಇದೇ ಸುಗ್ಗಿ. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಕಜಕಸ್ತಾನ, ಫಿಲಿಪ್ಪೀನ್ಸ್, ಬಾಂಗ್ಲಾದೇಶ. ಹಾಸ್ಟೆಲ್‌ನಲ್ಲಿ ನಮ್ಮ ಕಡೆಯ ಊಟ, ಇಂಗ್ಲಿಷ್ ಮಾಧ್ಯಮ, ಕಂತಿನಲ್ಲಿ ಫೀಸು, ವೀಸಾ ನಮ್ಮದೇ ಜವಾಬ್ದಾರಿ ಎಂದು ಕರಪತ್ರ ಹೇಳುತ್ತದೆ. ಕೋಲಾರ, ಮಾಲೂರು, ಮುಳಬಾಗಿಲಿನ ತಂದೆತಾಯಂದಿರು ಮೂರು ನಾಲ್ಕು ವಾರದಲ್ಲಿ ತೀರ್ಮಾನಕ್ಕೆ ಬಂದುಬಿಡಬೇಕಾಗುತ್ತದೆ. ಓದಿ ಬಂದ ಮಗಳು ಇಲ್ಲಿ ಒಂದು ಚೀಟಿಯ ಮೇಲೆ ಔಷಧಿ ಬರೆಯಬೇಕಾದರೆ ಏನೇನು ದಾಟಬೇಕು ಎಂಬುದನ್ನು ಮಾತ್ರ ಆ ಕರಪತ್ರ ಹೇಳುವುದಿಲ್ಲ.

ಹೇಳಬೇಕಾದ್ದು ಅದೇ. ಹೊರದೇಶದ ವಿಶ್ವವಿದ್ಯಾಲಯ ಕೊಡುವುದು ಡಿಗ್ರಿ. ವೈದ್ಯವೃತ್ತಿ ನಡೆಸುವ ಹಕ್ಕು ಬರುವುದು ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತು ಕೊಡುವ ನೋಂದಣಿ ಸಂಖ್ಯೆಯಿಂದ. ಇವೆರಡರ ನಡುವೆ ಒಂದು ಪರೀಕ್ಷೆ, ಕನಿಷ್ಠ ಒಂದು ವರ್ಷದ ಇಂಟರ್ನ್‌ಶಿಪ್, ಒಂದು ದಪ್ಪ ಫೈಲು, ಎಷ್ಟೋ ಮನೆಗಳಲ್ಲಿ ಹಲವು ವರ್ಷ ಇವೆ. ವಿಮಾನ ಹತ್ತುವ ಮೊದಲು ಓದಿಕೊಳ್ಳಬೇಕಾದ್ದು ಹೋಗುವ ದೇಶದ ನಿಯಮವನ್ನಲ್ಲ, ನಮ್ಮ ದೇಶದ ನಿಯಮವನ್ನು.

ಹೋಗುವವರನ್ನು ದೂರುವ ಮನಸ್ಸು ನನಗಿಲ್ಲ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷದ ಆಸುಪಾಸು. ಅದರಲ್ಲೂ ಸರ್ಕಾರಿ ಸೀಟು ತಪ್ಪಿದರೆ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಬೆಲೆ ರೈತನ ಮನೆಗಾಗಲೀ ಶಿಕ್ಷಕನ ಮನೆಗಾಗಲೀ ಎಟುಕುವುದಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಪಿಯುಸಿಯಲ್ಲಿ ಶೇಕಡ 97 ಅಂಕ ತೆಗೆದ ಹುಡುಗ. ಇಲ್ಲಿ ಸೀಟು ದಕ್ಕಲಿಲ್ಲವೆಂದು ಅಲ್ಲಿಗೆ ಹೋದವನು. ಮನೆಯವರು ಅವನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ವಿದೇಶಕ್ಕೆ ಹೋಗುವವರೆಲ್ಲ ಓದಲು ಬಾರದವರು ಎಂದು ಹಗುರವಾಗಿ ಮಾತಾಡುವವರು ಈ ಹುಡುಗನನ್ನು ಒಮ್ಮೆ ನೆನೆಯಬೇಕು.

ಕಾನೂನಿನ ವಿಷಯ. 2001ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆಗೆ ತಿದ್ದುಪಡಿಯಾಯಿತು. 2002ರ ಮಾರ್ಚ್ 15ರ ನಂತರ ಹೊರದೇಶದಲ್ಲಿ ವೈದ್ಯಕೀಯ ಪದವಿ ಪಡೆದು ಬಂದ ಭಾರತೀಯರು ಸ್ಕ್ರೀನಿಂಗ್ ಪರೀಕ್ಷೆ ಪಾಸಾಗದೆ ನೋಂದಣಿ ಇಲ್ಲ ಎಂದಾಯಿತು. ಎಫ್‌ಎಂಜಿಇ ಎಂದು ಎಲ್ಲರೂ ಕರೆಯುವ ಪರೀಕ್ಷೆ ಇದು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸ್ನಾತಕೋತ್ತರ ಪದವಿಯವರೆಗೆ ಓದಿದವರಿಗೆ ಷರತ್ತಿನ ಮೇಲೆ ವಿನಾಯಿತಿ ಉಂಟು. ನಮ್ಮ ಜಿಲ್ಲೆಯಿಂದ ಹೋಗುವ ಮಕ್ಕಳಿಗೆ ಅದು ಬಹುತೇಕ ಅನ್ವಯಿಸುವುದಿಲ್ಲ. 2018ರಿಂದ ಹೊರಗೆ ಓದಲು ಹೋಗುವವರೂ ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು. ನೀಟ್ ಬೇಡ, ಸೀಟು ಕೊಡಿಸುತ್ತೇವೆ ಎನ್ನುವ ಏಜೆಂಟನ ಮಾತಿಗೆ ಅಲ್ಲಿಗೇ ಪೂರ್ಣವಿರಾಮ ಹಾಕಬಹುದು.

ಇನ್ನೂ ಬಿಗಿಯಾದ ನಿಯಮ ಬಂದದ್ದು 2021ರ ನವೆಂಬರ್ 18ರಂದು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಆ ಅಧಿಸೂಚನೆಯ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳಿನದ್ದಾಗಿರಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದಿರಬೇಕು. ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿರಬೇಕು. ಭಾರತಕ್ಕೆ ಬಂದ ಮೇಲೆ ಇನ್ನೂ 12 ತಿಂಗಳು ಮಾಡಬೇಕು. ಒಂದು ಕಡೆ ಅರ್ಧ, ಇನ್ನೊಂದು ಕಡೆ ಅರ್ಧ ಓದುವ ಹಾಗಿಲ್ಲ. ಆ ಪದವಿಯಿಂದ ಆ ದೇಶದ ಪ್ರಜೆಗೆ ಸಿಗುವಂಥ ವೃತ್ತಿ ಪರವಾನಗಿ ಇವರಿಗೂ ಸಿಗುವಂತಿರಬೇಕು. ಸೇರಿದ ದಿನದಿಂದ 10 ವರ್ಷದೊಳಗೆ ಓದು, ತರಬೇತಿ ಎಲ್ಲ ಮುಗಿಯಬೇಕು.

ಕಾಗದದ ಮೇಲೆ ಸರಳವಾಗಿ ಕಾಣುವ ಈ ಸಾಲುಗಳು ಯಾವ ಮನೆಯ ಕುತ್ತಿಗೆ ಹಿಡಿಯುತ್ತವೆ ಎಂಬುದಕ್ಕೆ ಫಿಲಿಪ್ಪೀನ್ಸ್ ಸಾಕ್ಷಿ. ಅಲ್ಲಿ ಮೊದಲು ಬಿ.ಎಸ್. ಓದಿ, ಆಮೇಲೆ ನಾಲ್ಕು ವರ್ಷದ ಎಂ.ಡಿ. ಓದುವುದು ರೂಢಿ. ನಮ್ಮ ಆಯೋಗ ಬಿ.ಎಸ್. ಅನ್ನು ವೈದ್ಯಕೀಯ ಓದು ಎಂದು ಒಪ್ಪುವುದಿಲ್ಲ. ಉಳಿದ ನಾಲ್ಕು ವರ್ಷ ಎಂದರೆ 48 ತಿಂಗಳು. ನಿಯಮ ಕೇಳುವುದು 54. ಆರು ತಿಂಗಳ ಈ ಕೊರತೆ ಹುಡುಗನ ತಪ್ಪಲ್ಲ, ಅವನು ಎಷ್ಟೇ ಚೆನ್ನಾಗಿ ಓದಿದರೂ ತುಂಬುವಂಥದ್ದೂ ಅಲ್ಲ. ಸೀಟು ಕೊಡಿಸಿದವರು ಮೊದಲೇ ಹೇಳಬೇಕಾಗಿದ್ದ ಲೆಕ್ಕ ಅದು.

ವಾಪಸು ಬಂದವರ ಫೈಲನ್ನು ಒಮ್ಮೆ ಬಿಡಿಸಿ ನೋಡಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ. ನೀಟ್ ಸ್ಕೋರ್ ಕಾರ್ಡ್. ಒಂದು ಪುಟ ರಷ್ಯನ್, ಒಂದು ಪುಟ ಇಂಗ್ಲಿಷ್ ಇರುವ ಡಿಪ್ಲೊಮಾ. ಅದರ ಬೆನ್ನಿಗೆ ಅಪೊಸ್ಟಿಲ್ ಮುದ್ರೆ. ವರ್ಷವಾರು ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಆಸ್ಪತ್ರೆ ಎಂದು ತೋರಿಸುವ ಟ್ರಾನ್ಸ್‌ಕ್ರಿಪ್ಟ್. ಆ ದೇಶದಲ್ಲಿ ವೃತ್ತಿ ಮಾಡಲು ಅರ್ಹ ಎಂಬ ಪತ್ರ. ಆಮೇಲೆ ಪಾಸ್‌ಪೋರ್ಟಿನ ಪ್ರತಿ ಪುಟದ ಜೆರಾಕ್ಸು. ಪಾಸ್‌ಪೋರ್ಟು ಯಾಕೆಂದರೆ, ಒಳಗೆ ಹೋದ ಮುದ್ರೆ, ಹೊರಗೆ ಬಂದ ಮುದ್ರೆಗಳನ್ನು ಜೋಡಿಸಿ ನೋಡಿದರೆ ಈತ ನಿಜವಾಗಿ ಆ ಊರಿನಲ್ಲಿದ್ದು ಓದಿದನೋ, ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಕೇಳಿದನೋ ತಿಳಿಯುತ್ತದೆ. ಕೋವಿಡ್ ಕಾಲದ ಬ್ಯಾಚಿನವರಿಗೆ ತೊಡಕಾದದ್ದು ಈ ಮುದ್ರೆಗಳಿಂದಲೇ.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತು. ಕಂಪ್ಯೂಟರಿನ ಮುಂದೆ ಕೂತು 300 ಪ್ರಶ್ನೆ. 150 ಪ್ರಶ್ನೆಗಳ ಎರಡು ಭಾಗ, ಒಂದೊಂದಕ್ಕೆ ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. 150 ಅಂಕ ಬಂದರೆ ಪಾಸು, 149 ಬಂದರೆ ಇನ್ನಾರು ತಿಂಗಳು. ರ‍್ಯಾಂಕ್ ಇಲ್ಲ, ಸೀಟಿನ ಮಿತಿ ಇಲ್ಲ, ಎಲ್ಲರೂ ಪಾಸಾಗಬಹುದು. ಆದರೂ 2023ರ ಜೂನ್ ಸುತ್ತಿನಲ್ಲಿ ಪಾಸಾದವರು ನೂರಕ್ಕೆ ಹತ್ತು ಮಂದಿ ಮಾತ್ರ. ಐವರಲ್ಲಿ ಒಬ್ಬರು ಪಾಸಾದ ಸುತ್ತನ್ನು ಪರವಾಗಿಲ್ಲ ಎನ್ನುವ ಸ್ಥಿತಿ ಇದೆ.

ಯಾಕೆ ಹೀಗೆ? ಕೆಲವು ಕಾಲೇಜುಗಳಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ಮಲಗಿದ ರೋಗಿಗೆ ಗೊತ್ತಿರುವುದು ರಷ್ಯನ್ನೋ ಕಿರ್ಗಿಜ್ ಭಾಷೆಯೋ ಮಾತ್ರ. ಭಾಷೆ ಬಾರದವರು ಹಾಸಿಗೆಯ ಪಕ್ಕ ನಿಂತು ನೋಡಿ ಬರುತ್ತಾರೆ, ರೋಗಿಯನ್ನು ಕೇಳಿ ಕಲಿಯುವುದಿಲ್ಲ. ಪರೀಕ್ಷೆಯ 300 ಅಂಕದಲ್ಲಿ ಜನರಲ್ ಮೆಡಿಸಿನ್‌ಗೆ 33, ಸರ್ಜರಿಗೆ 32, ಹೆರಿಗೆ ಮತ್ತು ಸ್ತ್ರೀರೋಗಕ್ಕೆ 30. ಸಮುದಾಯ ವೈದ್ಯಶಾಸ್ತ್ರಕ್ಕೂ 30 ಇದೆ. ನಮ್ಮ ಕ್ಷಯ ನಿಯಂತ್ರಣ ಕಾರ್ಯಕ್ರಮ, ನಮ್ಮ ಲಸಿಕೆ ಪಟ್ಟಿ, ಆಶಾ ಕಾರ್ಯಕರ್ತೆಯ ಕೆಲಸ, ಕುಡಿಯುವ ನೀರಿನ ಫ್ಲೋರೈಡ್, ಇವೆಲ್ಲ ಆ 30ರಲ್ಲಿ ಬರುತ್ತವೆ. ಹೊರದೇಶದ ಪಠ್ಯದಲ್ಲಿ ಇವು ಎಲ್ಲಿಂದ ಬರಬೇಕು? ಆರು ವರ್ಷ ಆದ ಮೇಲೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೋಚಿಂಗ್ ಸೇರಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಆ ಕಾಲ ಮನೆಯವರಿಗೂ ಕಷ್ಟದ ಕಾಲ. ಊರಿಗೆಲ್ಲ ಹುಡುಗ ಆಗಲೇ ಡಾಕ್ಟರ್. ಪಕ್ಕದ ಮನೆಯವರು ಜ್ವರ ಎಂದು ಬಂದು ಕೂರುತ್ತಾರೆ, ಕ್ಲಿನಿಕ್ ಯಾವಾಗಪ್ಪ ಎಂದು ಕೇಳುತ್ತಾರೆ. ಇತ್ತ ಬ್ಯಾಂಕ್ ಸಾಲದ ಕಂತು ಶುರುವಾಗಿರುತ್ತದೆ. ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿಗೆ ಡ್ಯೂಟಿ ಡಾಕ್ಟರ್ ಆಗಿ ಬಾ, ಯಾರೂ ಕೇಳುವುದಿಲ್ಲ ಎಂಬ ಆಸೆ ಒಡ್ಡುವವರು ಇಂಥ ಹೊತ್ತಿಗೆ ಸಿಕ್ಕೇ ಸಿಗುತ್ತಾರೆ. ಕಾನೂನಿನ ಕಣ್ಣಲ್ಲಿ ನೋಂದಣಿ ಇಲ್ಲದವನು ಡಾಕ್ಟರ್ ಅಲ್ಲ. ಔಷಧಿ ಬರೆದರೆ ನಕಲಿ ವೈದ್ಯನ ಮೇಲೆ ಹಾಕುವ ಕೇಸನ್ನೇ ಅವನ ಮೇಲೂ ಹಾಕಬಹುದು. 2022ರ ಡಿಸೆಂಬರ್‌ನಲ್ಲಿ ಸಿಬಿಐ ದೇಶದ 91 ಕಡೆ ಶೋಧ ನಡೆಸಿತು. ಸ್ಕ್ರೀನಿಂಗ್ ಪರೀಕ್ಷೆ ಪಾಸಾಗದೆಯೇ ರಾಜ್ಯ ಪರಿಷತ್ತುಗಳಲ್ಲಿ ನೋಂದಣಿ ಮಾಡಿಸಿಕೊಂಡರು ಎಂಬ ಆರೋಪ 73 ಮಂದಿಯ ಮೇಲೆ. ನಿಯತ್ತಾಗಿ ನಾಲ್ಕು ಸಲ ಪರೀಕ್ಷೆ ಬರೆದು ಪಾಸಾದ ಹುಡುಗಿಯನ್ನೂ ಜನ ಅನುಮಾನದಿಂದ ನೋಡುವಂತೆ ಮಾಡಿದ್ದು ಇಂಥ ಪ್ರಕರಣಗಳು.

ಪರೀಕ್ಷೆಯೇ ಅನ್ಯಾಯ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಟಮಕದ ದೇವರಾಜ ಅರಸು ಕಾಲೇಜಿನಲ್ಲಿ ಓದಿದ ನಮ್ಮ ಹುಡುಗಿ ಇಂಗ್ಲೆಂಡಿಗೆ ಹೋದರೆ ಅವಳೂ ಪರೀಕ್ಷೆಗೆ ಕೂರಲೇಬೇಕು. ಮೊದಲು ಇಂಗ್ಲಿಷ್ ಭಾಷಾ ಪರೀಕ್ಷೆ, ಆಮೇಲೆ ಪ್ಲ್ಯಾಬ್ ಒಂದನೇ ಭಾಗ, ಅದರ ಮೇಲೆ ಮ್ಯಾಂಚೆಸ್ಟರಿಗೆ ಹೋಗಿ ರೋಗಿಯ ಪಾತ್ರಧಾರಿಗಳ ಎದುರು ಎರಡನೇ ಭಾಗ. ಅಮೆರಿಕಕ್ಕೆ ಹೋದರೆ ಯುಎಸ್‌ಎಂಎಲ್‌ಇ ಮುಗಿಸಿ, ಮತ್ತೆ ರೆಸಿಡೆನ್ಸಿ.

ಈ ಜಗಳ ಹಳೆಯದು ಕೂಡ. ಕೋಲಾರದ ಇಟಿಸಿಎಂ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿದವರು ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನ ಮಹಿಳೆಯರು; ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿಯ ಆಸ್ಪತ್ರೆ ಇತ್ತು. ಹೊರಗೆ ಕಲಿತ ವೈದ್ಯರ ಕೈಯನ್ನು ಈ ಸೀಮೆ ಬಹಳ ಹಿಂದೆಯೇ ನಂಬಿದೆ. ಅದೇ ಕಾಲದಲ್ಲಿ, 1930ರಲ್ಲಿ, ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ವೈದ್ಯಕೀಯ ಪದವಿಗಳಿಗೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಅದರ ದೊಡ್ಡ ತಕರಾರು, ನಮ್ಮ ವಿದ್ಯಾರ್ಥಿಗಳು ಕೈಯಾರೆ ಮಾಡಿಸಿದ ಹೆರಿಗೆಗಳು ಸಾಲವು ಎಂಬುದಾಗಿತ್ತು. 1933ರ ಕಾಯ್ದೆ, 1934ರ ಭಾರತೀಯ ವೈದ್ಯಕೀಯ ಪರಿಷತ್ತು ಹುಟ್ಟಿದ್ದು ಆ ಪೆಟ್ಟಿನ ಬೆನ್ನಿಗೆ. ಪುಸ್ತಕ ಓದಿದ್ದಾರೆ, ರೋಗಿಯನ್ನು ಮುಟ್ಟಿಲ್ಲ ಎಂದು ಅವರು ಅಂದು ನಮ್ಮ ಬಗ್ಗೆ ಹೇಳಿದ್ದನ್ನೇ ಇಂದು ನಾವು ಹೊರಗಿನ ಕಾಲೇಜುಗಳ ಬಗ್ಗೆ ಹೇಳುತ್ತಿದ್ದೇವೆ. ಹೇಳುವುದು ಸರಿಯೇ. ಯಾರ ಕೈಗೆ ಜೀವ ಒಪ್ಪಿಸುತ್ತಿದ್ದೇವೆಂದು ತಿಳಿಯುವ ಹಕ್ಕು ರೋಗಿಗೆ ಇದೆ.

ನನ್ನ ಸಿಟ್ಟು ಇರುವುದು ಪರೀಕ್ಷೆಯ ಆಚೆಗಿನ ಹಾದಿಯ ಮೇಲೆ. ಪಾಸಾದವರಿಗೆ ತಾತ್ಕಾಲಿಕ ನೋಂದಣಿ ಸಿಗುತ್ತದೆ, ಆಮೇಲೆ ಆಯೋಗ ಒಪ್ಪಿದ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅಲ್ಲಿ ಸ್ಥಳ ಖಾಲಿ ಇದ್ದರೆ ತಾನೇ? ಕೋವಿಡ್, ಉಕ್ರೇನ್ ಯುದ್ಧ ಎರಡೂ ಒಟ್ಟಿಗೆ ಬಡಿದಾಗ 2022ರಲ್ಲಿ ಆಯೋಗ ಕಾಲೇಜುಗಳಲ್ಲಿ ಇಂಥವರಿಗೆ ಶೇಕಡ 7.5ರ ಮಿತಿಯಲ್ಲಿ ಹೆಚ್ಚುವರಿ ಸ್ಥಾನ ಇಡಲು ಹೇಳಿತು. ಅವರಿಂದ ಫೀಸು ವಸೂಲು ಮಾಡಬಾರದು, ಇಲ್ಲಿನ ಇಂಟರ್ನ್‌ಗಳಿಗೆ ಕೊಡುವಷ್ಟೇ ಸ್ಟೈಪೆಂಡ್ ಕೊಡಬೇಕು ಎಂದೂ ಹೇಳಿತು. ಒಳ್ಳೆಯ ಆದೇಶ. ಆದರೆ ಅದರ ಬೆನ್ನಿಗೇ ಆನ್‌ಲೈನ್ ಓದಿದವರಿಗೆ ಇಂಟರ್ನ್‌ಶಿಪ್ ಎರಡು ವರ್ಷ, ಕೆಲವರಿಗೆ ಮೂರು ವರ್ಷ ಎಂಬ ಸುತ್ತೋಲೆಗಳು, ಅವಕ್ಕೆ ಸ್ಪಷ್ಟೀಕರಣ, 2024ರಲ್ಲಿ ಮತ್ತೆ ಸ್ಪಷ್ಟೀಕರಣ. ಓದುವಾಗ ಒಂದು ನಿಯಮ, ಮುಗಿಸುವಾಗ ಇನ್ನೊಂದು. ಕೊರತೆ ತುಂಬಿಸಬೇಕು ನಿಜ. ಆದರೆ ಎಷ್ಟು ಕೊರತೆಗೆ ಎಷ್ಟು ತಿಂಗಳು ಎಂಬುದನ್ನು ಒಂದೇ ಸಲ ಹೇಳಿಬಿಡಬೇಕಾಗಿತ್ತು. ಇಪ್ಪತ್ತೈದು ವರ್ಷದ ಮಕ್ಕಳು ಒಂದೊಂದು ಸುತ್ತೋಲೆಗೂ ಬೆಂಗಳೂರಿಗೆ ಓಡಬೇಕಾಯಿತು.

ಸ್ಥಳ ಸಿಕ್ಕವರು ನಿಜವಾಗಿ ಕಲಿಯುವುದು ಆ ಒಂದು ವರ್ಷದಲ್ಲಿ. ಅದರಲ್ಲಿ 12 ವಾರ ಸಮುದಾಯ ವೈದ್ಯಕೀಯಕ್ಕೆ ಮೀಸಲು, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸ. ಮುಳಬಾಗಿಲು ಗಡಿಯ ಹಳ್ಳಿಯ ಅಜ್ಜಿ ಹೊಟ್ಟೆನೋವಿನ ಕತೆಯನ್ನು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಾಳೆ. ನಮ್ಮ ಮಕ್ಕಳಿಗೆ ಅದು ಮನೆಮಾತು. ಬಿಷ್ಕೆಕ್‌ನಲ್ಲಿ ಆರು ವರ್ಷ ದುಭಾಷಿಯ ಮುಖ ನೋಡುತ್ತಿದ್ದವರಿಗೆ ಇಲ್ಲಿ ರೋಗಿ ನೇರವಾಗಿ ಸಿಗುತ್ತಾನೆ. ಟೊಮೆಟೊ ತೋಟದ ಕೀಟನಾಶಕ ಕುಡಿದು ಬಾಯಲ್ಲಿ ನೊರೆ ಬರುತ್ತಿರುವವನ ಕಣ್ಣಿನ ಪಾಪೆ ನೋಡಿ, ಆಟ್ರೊಪಿನ್ ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂದು ತೀರ್ಮಾನಿಸುವುದು, ಹಾವು ಕಚ್ಚಿದ ಕಾಲಿಗೆ ಕಟ್ಟಿದ ಹಗ್ಗವನ್ನು ಯಾವಾಗ ಬಿಚ್ಚಬೇಕೆಂದು ತಿಳಿಯುವುದು, ಬೋರ್‌ವೆಲ್ ನೀರಿನ ಫ್ಲೋರೈಡಿಗೆ ಕಂದಿದ ಹಲ್ಲು, ಹಿಡಿದ ಕೀಲು ಗುರುತಿಸುವುದು, ಇವನ್ನು ಯಾವ ಕೋಚಿಂಗ್ ಸೆಂಟರೂ ಕಲಿಸಲಾರದು. ಹೀಗೆ ಕಲಿಯಬೇಕಾದ ವರ್ಷಕ್ಕಾಗಿ ತಿಂಗಳುಗಟ್ಟಲೆ ಸರದಿಯಲ್ಲಿ ಕಾಯಿಸುವುದು ನಮ್ಮ ಹಳ್ಳಿಗಳಿಗೇ ನಷ್ಟ. ಪ್ರತಿ ಫಲಿತಾಂಶದ ಮರುವಾರವೇ ಯಾವ ಆಸ್ಪತ್ರೆಯಲ್ಲಿ ಎಷ್ಟು ಸ್ಥಾನ ಖಾಲಿ ಎಂಬ ಪಟ್ಟಿಯನ್ನು ಪರಿಷತ್ತು ಹೊರಹಾಕಬೇಕು. ಸ್ಟೈಪೆಂಡ್ ಕೊಡದ ಆಸ್ಪತ್ರೆಯ ಮೇಲೆ ದೂರು ಕೊಟ್ಟವರಿಗೆ ರಕ್ಷಣೆ ಕೊಡಬೇಕು.

ಇಂಟರ್ನ್‌ಶಿಪ್ ಮುಗಿದರೆ ಕಾಯಂ ನೋಂದಣಿ. ಅದೂ ಕರ್ನಾಟಕಕ್ಕೆ. ಮುಳಬಾಗಿಲಿನಿಂದ ದಾಟಿ ಪಲಮನೇರಿನಲ್ಲೋ, ಮಾಲೂರಿನಿಂದ ಹೊಸೂರಿನಲ್ಲೋ ಕ್ಲಿನಿಕ್ ತೆರೆಯಬೇಕಾದರೆ ಆಂಧ್ರ, ತಮಿಳುನಾಡಿನ ಪರಿಷತ್ತುಗಳಿಗೆ ಅರ್ಜಿ ಹಾಕಬೇಕು.

ಈ ಜೂನ್‌ನಲ್ಲಿ ಕನ್ಸಲ್ಟೆನ್ಸಿಯ ಮೇಜಿನ ಮುಂದೆ ಕೂರುವ ತಂದೆತಾಯಂದಿರು ಊಟ, ಹಾಸ್ಟೆಲ್ ವಿಚಾರಿಸುವ ಮೊದಲು ನಾಲ್ಕು ಮಾತು ಕೇಳಲಿ. ಕೋರ್ಸು ಎಷ್ಟು ತಿಂಗಳು, ಇಂಟರ್ನ್‌ಶಿಪ್ ಅದೇ ಕಾಲೇಜಿನಲ್ಲೇ ಇದೆಯೇ, ಆ ದೇಶ ತನ್ನ ಪ್ರಜೆಗೆ ಕೊಡುವ ಲೈಸೆನ್ಸನ್ನು ನಮ್ಮ ಮಗುವಿಗೂ ಕೊಡುತ್ತದೆಯೇ, ಆ ಕಾಲೇಜಿನಿಂದ ಬಂದವರಲ್ಲಿ ಎಷ್ಟು ಮಂದಿ ಎಫ್‌ಎಂಜಿಇ ಪಾಸಾಗಿದ್ದಾರೆ. ಪರೀಕ್ಷೆ ನಡೆಸುವ ರಾಷ್ಟ್ರೀಯ ಮಂಡಳಿ ಕಾಲೇಜುವಾರು ಫಲಿತಾಂಶ ಪ್ರಕಟಿಸಿದೆ. ಅದನ್ನು ಮೊಬೈಲಿನಲ್ಲೇ ತೆಗೆದು ನೋಡಬಹುದು. ಉತ್ತರಗಳನ್ನು ಲೆಟರ್‌ಹೆಡ್ ಮೇಲೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಲಿ. ಬರೆದುಕೊಡಲು ಒಪ್ಪದವರಿಗೆ ಅಡ್ವಾನ್ಸ್ ಕೊಡುವುದು ಬೇಡ. ಮಗು ಇನ್ನೊಂದು ವರ್ಷ ಮನೆಯಲ್ಲೇ ಕೂತು ನೀಟ್ ಬರೆಯಲಿ.