ಕೆನಡಾದ ಸಂಸತ್ತಿನಲ್ಲಿ ಕನ್ನಡದ ದನಿ

ಕಳೆದ ರಜೆಯಲ್ಲಿ ನಾವು ಕೊಯಮತ್ತೂರಿನ ಗಾಂಧಿಪುರಂ ನಿಲ್ದಾಣದಲ್ಲಿ ಮೈಸೂರು ಬಸ್ಸಿಗೆ ಕಾದಿದ್ದೆವು. ಪಕ್ಕದಲ್ಲಿ ಅಲ್ಲಿಯದೇ ಒಂದು ದೇವಾಂಗ ಕುಟುಂಬ. ಅಜ್ಜಿಯ ಕನ್ನಡಕ್ಕೆ ಮೊಮ್ಮಗನ ಉತ್ತರ ತಮಿಳಿನಲ್ಲಿ.

“ಕನ್ನಡದಿಂದ ಏನು ಪ್ರಯೋಜನ ಸಾರ್?” ಎಂದರು ತಂದೆ. ಕಾಸರಗೋಡಿನ ಹೆತ್ತವರು ಕೇಳುವುದೂ ಇದನ್ನೇ. ನಾವು ಚಂದ್ರ ಆರ್ಯರ ಕತೆ ಹೇಳಿದೆವು.

ಆರ್ಯ ತುಮಕೂರು ಜಿಲ್ಲೆಯ ಶಿರಾ ತಾಲೂಕಿನ ದ್ವಾರಾಳು ಗ್ರಾಮದವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಓದಿದರು. 2006ರಲ್ಲಿ ಕೆನಡಾಕ್ಕೆ ವಲಸೆ ಹೋಗಿ, ತಾಂತ್ರಿಕ ಉದ್ಯಮದಲ್ಲಿ ದುಡಿದರು. 2015ರಲ್ಲಿ ರಾಜಧಾನಿ ಒಟ್ಟಾವದ ನೇಪಿಯನ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು. 2019, 2021ರಲ್ಲೂ ಗೆದ್ದರು. ಇಂಗ್ಲಿಷ್, ಫ್ರೆಂಚ್ ನಡೆಯುವ ಆ ಸದನದಲ್ಲಿ 2022ರ ಮೇ ತಿಂಗಳಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತನಾಡಿದರು. 2025ರಲ್ಲಿ ಪಕ್ಷವು ಅವರ ಉಮೇದುವಾರಿಕೆಯನ್ನು ರದ್ದುಪಡಿಸಿತು. ಸ್ಥಾನ ಹೋಯಿತು, ಆಡಿದ ಮಾತು ಉಳಿಯಿತು.

ಕನ್ನಡ ಅವರಿಗೆ ಪದವಿ ಕೊಡಿಸಲಿಲ್ಲ, ನಿಜ, ಅಡ್ಡಿಯೂ ಆಗಲಿಲ್ಲ. ನಮ್ಮ ಮಂಜೇಶ್ವರದಿಂದ ಗೆದ್ದ ಎ.ಕೆ.ಎಂ. ಅಶ್ರಫ್ ಅವರೂ 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರಷ್ಟೆ.

ಬಸ್ಸು ಬಂತು. ಫಲಕದ ಕನ್ನಡ ಅಕ್ಷರಗಳನ್ನು ಅಜ್ಜಿಯೂ ಓದಲಾರರು, ಮೊಮ್ಮಗನೂ ಓದಲಾರ. ನಮ್ಮ ಮಕ್ಕಳು ಇನ್ನೂ ಓದಬಲ್ಲರು. ಈ ಜೂನ್‌ನಲ್ಲಿ ಅವರನ್ನು ಯಾವ ಶಾಲೆಗೆ ಸೇರಿಸುತ್ತೇವೆ ಎಂಬುದು ನಮ್ಮ ಕೈಯಲ್ಲೇ ಇದೆ.