‘ಭಾನುವಾರದೊಳಗೆ ಮನೆ ಖಾಲಿ ಮಾಡಿ’ ಅಂದ್ರೆ ಮಾಡ್ಲೇಬೇಕಾ?

ಈ ವಾರದ ಎಪಿಸೋಡ್ ಕೇಳೋಕಾಗದೆ, ಮೆಟ್ರೋದಲ್ಲಿ ನಿಂತ್ಕೊಂಡು ಓದ್ತಿರೋರಿಗೆ ಅದರ ಬರಹ ರೂಪ ಇಲ್ಲಿದೆ. ವಿಷಯ ಬಾಡಿಗೆ ಮನೆ. ಮೊದಲೇ ಹೇಳ್ಬಿಡ್ತೀನಿ, ನಾನು ಬಿಕಾಂ ಓದಿದವನು, ಲಾಯರ್ ಅಲ್ಲ. ಆದ್ರೆ ಇಷ್ಟು ಕಾನೂನು ಬಾಡಿಗೆ ಕಟ್ಟೋ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಒಂದು ಉದಾಹರಣೆ ತಗೊಳ್ಳೋಣ. ಬೆಂಗಳೂರಲ್ಲಿ ತಿಂಗಳಿಗೆ 14,000 ರೂಪಾಯಿ ಬಾಡಿಗೆಯ ಮನೆ. 11 ತಿಂಗಳ ಅಗ್ರಿಮೆಂಟ್ ಮುಗಿದು ವರ್ಷವೇ ಆಯ್ತು, ಯಾರೂ ರಿನ್ಯೂ ಮಾಡಿಸಿಲ್ಲ. ನೀವು ಪ್ರತಿ ತಿಂಗಳು 5ಕ್ಕೆ ಬಾಡಿಗೆ ಹಾಕ್ತೀರಿ, ಓನರ್ ತಗೊಳ್ತಾರೆ. ಒಂದು ದಿನ ಓನರ್ ಅಂಕಲ್ ಮೆಟ್ಟಿಲ ಹತ್ರ ಸಿಕ್ಕಿ, ‘ಮಗಳಿಗೆ ಮನೆ ಬೇಕಪ್ಪಾ, ಭಾನುವಾರದೊಳಗೆ ಖಾಲಿ ಮಾಡು’ ಅಂತಾರೆ. ಅಗ್ರಿಮೆಂಟೇ ಇಲ್ಲ, ಇನ್ನೇನು ಮಾಡೋದು ಅಂತ ಎಷ್ಟೋ ಜನ ಅವತ್ತು ರಾತ್ರಿಯೇ ಪಾತ್ರೆ ಕಟ್ಟೋಕೆ ಶುರು ಮಾಡ್ತಾರೆ.

ಸ್ವಲ್ಪ ತಡೀರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಇರೋದೇ ಇಂಥ ಕಡೆಗೆ. ಅವಧಿ ಮುಗಿದ ಮೇಲೂ ನೀವು ಮನೆಯಲ್ಲೇ ಇದ್ದು, ಓನರ್ ಬಾಡಿಗೆ ತಗೊಳ್ತಾ ಇದ್ದರೆ, ಬೇರೆ ಕರಾರು ಇಲ್ಲದಿದ್ದಾಗ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯೋ ಬಾಡಿಗೆ ಆಗುತ್ತೆ. ಅಂದ್ರೆ ನೀವು ಈಗಲೂ ಬಾಡಿಗೆದಾರರೇ. ಬಾಡಿಗೆ ಕಳಿಸಿದ ಯುಪಿಐ ದಾಖಲೆಯೇ ನಿಮ್ಮ ಸಾಕ್ಷಿ.

ಇಂಥ ಬಾಡಿಗೆ ಮುಗಿಸೋದು ಹೇಗೆ ಅನ್ನೋದು ಅದೇ ಕಾಯ್ದೆಯ 106ನೇ ಕಲಂನಲ್ಲಿದೆ: 15 ದಿನದ ನೋಟಿಸ್. ಬಾಯಿಮಾತು ಸಾಲದು. ಬರಹದಲ್ಲಿರಬೇಕು, ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ನಿಮ್ಮ ಕೈಗೋ ಮನೆಯವರ ಕೈಗೋ ಕೊಡಬಹುದು, ಅದು ಯಾವುದೂ ಆಗದಿದ್ದರೆ ಎದ್ದು ಕಾಣೋ ಜಾಗದಲ್ಲಿ ಅಂಟಿಸಬಹುದು. ದಿನದ ಲೆಕ್ಕ ಶುರುವಾಗೋದು ನೋಟಿಸ್ ನಿಮಗೆ ತಲುಪಿದ ದಿನದಿಂದ. ಜೂನ್ 5ಕ್ಕೆ ಕೈಗೆ ಬಂದ್ರೆ ಜೂನ್ 20ಕ್ಕೆ ಅವಧಿ ಮುಗೀತು. ಚಾಲ್ತಿಯಲ್ಲಿರೋ ಅಗ್ರಿಮೆಂಟಲ್ಲಿ ಒಂದು ತಿಂಗಳು, ಎರಡು ತಿಂಗಳು ಅಂತ ಬರೆದಿದ್ದರೆ ಅದೇ ನಡೆಯುತ್ತೆ. ‘14 ದಿನ ಕೊಟ್ಟಿದ್ದಾರೆ, ನೋಟಿಸ್ ಬಿದ್ದೋಯ್ತು’ ಅಂತ ಮಾತ್ರ ಖುಷಿ ಪಡಬೇಡಿ. 2002ರ ತಿದ್ದುಪಡಿ ಪ್ರಕಾರ, ಪೂರ್ತಿ 15 ದಿನ ಕಳೆದ ಮೇಲೆ ದಾವೆ ಹಾಕಿದ್ದರೆ ದಿನ ಕಡಿಮೆ ಇತ್ತು ಅನ್ನೋ ಒಂದೇ ಕಾರಣಕ್ಕೆ ನೋಟಿಸ್ ಬಿದ್ದುಹೋಗಲ್ಲ.

ಈಗ ಸ್ವಲ್ಪ ಕಹಿ ವಿಷಯ. ‘ಕಾರಣ ಇಲ್ಲದೆ ಬಿಡಿಸೋಕಾಗಲ್ಲ’ ಅಂತ ಎಲ್ಲರೂ ಹೇಳೋ ಮಾತು ನಮ್ಮಲ್ಲಿ ಬಹುತೇಕರಿಗೆ ಅನ್ವಯ ಆಗಲ್ಲ. ಮನೆ ಬಿಡಿಸೋಕೆ ಇಂಥದ್ದೇ ಕಾರಣ ಬೇಕು ಅಂತ ಹೇಳೋದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದ್ರೆ ಅದರ ರಕ್ಷಣೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಇಲ್ಲ. ಇವತ್ತು 3,500ಕ್ಕೆ ಬೆಂಗಳೂರಲ್ಲಿ ಏನು ಸಿಗುತ್ತೆ? ಗಾಡಿ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ 14,000ದ ಮನೆಯ ಓನರ್ ಮಗಳ ಕಥೆ ಹೇಳೋ ಅಗತ್ಯವೂ ಇಲ್ಲ, ಅದು ಸುಳ್ಳು ಅಂತ ನೀವು ಸಾಬೀತು ಮಾಡಿದರೂ ಪ್ರಯೋಜನ ಇಲ್ಲ.

ಅವರಿಗೆ ಕಾರಣ ಬೇಡ, ಸರಿ. ಆದ್ರೆ ಕೋರ್ಟ್ ಬೇಕು. ಇಡೀ ಎಪಿಸೋಡ್‌ನಲ್ಲಿ ಒಂದೇ ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ನೋಟಿಸ್ ಅವಧಿ ಮುಗಿದ ಮರುದಿನ ಓನರ್ ಬಂದು ಬೀಗ ಬದಲಿಸೋ ಹಾಗಿಲ್ಲ, ಸಾಮಾನು ಹೊರಗೆ ಹಾಕೋ ಹಾಗಿಲ್ಲ, ಫ್ಯೂಸ್ ಕಿತ್ತು, ನೀರಿನ ವಾಲ್ವ್ ತಿರುಗಿಸಿ ಓಡಿಸೋ ಹಾಗಿಲ್ಲ. ನೀವು ಬಿಡದಿದ್ದರೆ ಅವರು ದಾವೆ ಹಾಕಿ, ಆದೇಶ ತಗೊಂಡು, ಕೋರ್ಟ್ ಮೂಲಕವೇ ಬಿಡಿಸಬೇಕು. ನೆಲೆಯೂರಿ ಸ್ವಾಧೀನದಲ್ಲಿ ಇರೋರನ್ನ ಕಾನೂನಿನ ದಾರಿ ಬಿಟ್ಟು ಹೊರಹಾಕೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲಿ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬಲವಂತವಾಗಿ ಹೊರಗೆ ಹಾಕೇಬಿಟ್ಟರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಸ್ವಾಧೀನ ವಾಪಸ್ ಕೇಳಿ ದಾವೆ ಹಾಕಬಹುದು. ಗಡುವು ಆರು ತಿಂಗಳು. ಮನೆ ಯಾರದ್ದು ಅನ್ನೋ ಪ್ರಶ್ನೆ ಅಲ್ಲಿ ಬರೋದೇ ಇಲ್ಲ.

ಬೀಗ ಬದಲಾಗಿದ್ದರೆ ಬಾಗಿಲು ಒಡೆಯೋಕೆ ಹೋಗಬೇಡಿ. ವಿಡಿಯೋ ಮಾಡಿ, 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಕೇಳಿ. ‘ಇದು ಸಿವಿಲ್ ಮ್ಯಾಟರ್’ ಅಂತ ಹೇಳಿ ಕಳಿಸೋ ಸಾಧ್ಯತೆ ಇದೆ. ಆಗ್ಲೂ ಆ ಸ್ವೀಕೃತಿ ಕೋರ್ಟಲ್ಲಿ ಉಪಯೋಗಕ್ಕೆ ಬರುತ್ತೆ. ಅದೇ ಸಿವಿಲ್ ಮ್ಯಾಟರ್ ಅನ್ನೋ ಕಾರಣಕ್ಕೆ, ಕೋರ್ಟ್ ಆದೇಶ ಇಲ್ಲದೆ ಪೊಲೀಸರು ನಿಮ್ಮನ್ನ ಖಾಲಿ ಮಾಡಿಸೋ ಹಾಗೂ ಇಲ್ಲ.

ಹಾಗಂತ ಕೂತ್ಕೊಂಡು ವರ್ಷಗಟ್ಟಲೆ ಎಳೆಯಿರಿ ಅಂತ ನಾನು ಹೇಳ್ತಿಲ್ಲ. ನೋಟಿಸ್ ಅವಧಿ ಮುಗಿದ ಮೇಲೂ ಉಳಿದರೆ, ಆ ದಿನಗಳಿಗೆ ನಷ್ಟ ಪರಿಹಾರ ಕಟ್ಟಿ ಅಂತ ಕೋರ್ಟ್ ಹೇಳಬಹುದು. ಅದು ನಿಮ್ಮ ಹಳೇ ಬಾಡಿಗೆಗಿಂತ ಜಾಸ್ತಿಯೂ ಆಗಬಹುದು. ನನ್ನ ಪ್ರಕಾರ ಈ ಕಾನೂನಿಂದ ನಿಮಗೆ ಸಿಗೋದು ಮನೆ ಹುಡುಕೋ ಸಮಯ ಮತ್ತು ಮರ್ಯಾದೆಯಿಂದ ಹೊರಡೋ ಅವಕಾಶ. ಮಕ್ಕಳ ಪರೀಕ್ಷೆ ಇದ್ದರೆ, ಮನೇಲಿ ವಯಸ್ಸಾದೋರಿದ್ದರೆ ಒಂದು ತಿಂಗಳು ಜಾಸ್ತಿ ಕೇಳಿ, ಒಪ್ಪಿದ್ದನ್ನ ಬರಹದಲ್ಲಿ ತಗೊಳ್ಳಿ.

ಜಗಳ ಶುರುವಾದ ಕೂಡಲೇ ‘ಅಡ್ವಾನ್ಸಲ್ಲೇ ಮುರ್ಕೊಳ್ಳಿ’ ಅಂತ ಬಾಡಿಗೆ ನಿಲ್ಲಿಸೋದು ಎಲ್ಲಕ್ಕಿಂತ ದೊಡ್ಡ ತಪ್ಪು. ಬರಹದಲ್ಲಿ ಒಪ್ಪಂದ ಆಗೋವರೆಗೂ ಬಾಡಿಗೆ ಕಟ್ಟಿ, ಬ್ಯಾಂಕ್ ಮೂಲಕವೇ ಕಟ್ಟಿ. ನೋಟಿಸ್ ಅವಧಿ ಮುಗಿದ ಮೇಲೂ ಓನರ್ ಮುಂದಿನ ತಿಂಗಳ ಬಾಡಿಗೆ ತಗೊಂಡ್ರೆ, ಬಾಡಿಗೆ ಮುಂದುವರಿಸೋ ಉದ್ದೇಶ ಅವರಿಗಿತ್ತು, ನೋಟಿಸ್ ಕೈಬಿಟ್ಟಿದ್ದಾರೆ ಅಂತ 113ನೇ ಕಲಂ ಅಡಿ ವಾದಿಸೋಕೆ ನಿಮಗೆ ದಾರಿ ಸಿಗಬಹುದು. ಬಾಡಿಗೆ ನಿಲ್ಲಿಸಿದರೆ ಆ ದಾರಿಯೂ ಹೋಯ್ತು.

ಪಿಜಿಯಲ್ಲಿ ಇರೋರೇ, ನಿಮ್ಮ ಕಥೆ ಬೇರೆ. ಬರೀ ಬೆಡ್‌ಗೆ ದುಡ್ಡು ಕೊಟ್ಟು ಇರೋದನ್ನ ಸಾಮಾನ್ಯವಾಗಿ ಬಾಡಿಗೆ ಅಂತ ನೋಡಲ್ಲ, ಇರೋಕೆ ಕೊಟ್ಟ ಪರವಾನಗಿ ಅಂತ ನೋಡ್ತಾರೆ. 15 ದಿನದ ಈ ನಿಯಮ ಅಲ್ಲಿಗೆ ನೇರವಾಗಿ ಬರಲ್ಲ. ಸೇರುವಾಗ ಕೊಟ್ಟ ಫಾರಂನಲ್ಲಿ ಏನಿದೆ ಅಂತ ಇವತ್ತೇ ನೋಡಿ.

ಇನ್ನು 15 ದಿನದ ನಿಯಮ ನಿಮಗೂ ಇದೆ. ಹೊಸ ಕೆಲಸ ಸಿಕ್ತು ಅಂತ ಹಿಂದಿನ ದಿನ ಹೇಳಿ ಹೊರಟರೆ ಓನರ್ ಆ ದಿನಗಳ ಬಾಡಿಗೆ ಅಡ್ವಾನ್ಸಲ್ಲಿ ಹಿಡ್ಕೊಂಡಾಗ ವಾದ ಮಾಡೋದು ಕಷ್ಟ.

ಲಾಯರ್ ಫೀಸ್ ಕೊಡೋಕಾಗಲ್ಲ ಅನ್ನೋರು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಎಷ್ಟೇ ಸಂಬಳ ಇದ್ದರೂ ಉಚಿತ ವಕೀಲರನ್ನ ಕೇಳಬಹುದು. ಫೋನ್ ಮಾಡೋ ಮುಂಚೆ ಹಳೇ ಅಗ್ರಿಮೆಂಟ್, ಬಾಡಿಗೆ ಕಟ್ಟಿದ ದಾಖಲೆ, ಬಂದ ನೋಟಿಸ್ ಮತ್ತು ಅದು ಕೈಗೆ ಸಿಕ್ಕ ತಾರೀಕು, ಎಲ್ಲ ಒಂದೇ ಫೋಲ್ಡರ್‌ನಲ್ಲಿ ಇಟ್ಕೊಂಡಿರಿ.